ನಿಂತ ಗಾಡಿಯ ಲೆಕ್ಕ

ಹತ್ತನೆಯ ತರಗತಿಗೆ ಬೆಳಗಿನ ವಿಶೇಷ ಪಾಠ
ಶುರುವಾದ ತಿಂಗಳು, ಹುಲಿಗೆಮ್ಮನ ಆಲ್ಟೊ
ಲೀಟರಿಗೆ ಹತ್ತೊಂಬತ್ತರಿಂದ ಹದಿನಾರಕ್ಕೆ ಇಳಿಯಿತು.
ಗಂಗಾವತಿಯಿಂದ ಕನಕಗಿರಿ ಕಡೆಗೆ, ನಾಲ್ವರ ಪಾಲಿನ ಪೆಟ್ರೋಲು;
ಗಣಿತದವಳೆಂದು ವಹಿ ನನ್ನ ಕೈಯಲ್ಲಿ.
ತಲೆಗೆ ಮುನ್ನೂರು ಹೆಚ್ಚಿಗೆ ಎಂದಾಗ
ಗಾಡಿಯೊಳಗೆ ಕಿಟಕಿಯ ಗಾಳಿಯದೊಂದೇ ಮಾತು.
ದೇವೀರಮ್ಮ ಸ್ವೆಟರಿನ ಗುಂಡಿ ಹಾಕಿಕೊಳ್ಳುತ್ತ
‘ಭಾರ ನಂದೊಬ್ಬಾಕೀದ ಅಂತ ಬರಕೋಬ್ಯಾಡ್ರಿ ಮತ್ತ’ ಅಂದಳು.

ಹದಿಮೂರು ಡಿಗ್ರಿ. ನಗುವವರು ನಗಲಿ.
ನಲವತ್ತೆರಡಕ್ಕೆ ಹದವಾದ ಚರ್ಮ ನಮ್ಮದು,
ಹದಿಮೂರಕ್ಕೇ ಹಲ್ಲು ತಾಳ ಹಾಕುತ್ತವೆ.
ಎಡದಂಡೆ ಕಾಲುವೆಯ ಮೇಲೆ ಹಬೆ,
ಕೊಯ್ದ ಗದ್ದೆಯ ಕೂಳೆಯ ಮೇಲೆ ಹಬೆ,
ಗುಂಡುಬಂಡೆಗಳ ಗುಡ್ಡ ಮಾತ್ರ
ಎಂದಿನಂತೆ, ಯಾರ ಲೆಕ್ಕಕ್ಕೂ ಸಿಗದೆ ಕೂತಿದೆ.

ಭಾನುವಾರ ಮೌಲಾಸಾಬನ ಗ್ಯಾರೇಜು.
ಟೈರಿಗೆ ಗೇಜು ಒತ್ತಿದ: ಮೂವತ್ತಿರಬೇಕಾದಲ್ಲಿ ಇಪ್ಪತ್ತೈದು.
‘ಥಂಡಿಗೆ ಗಾಳಿ ಮುದುಡತೈತ್ರಿ ಟೀಚರ್,
ನಾವು ಚಾದರದಾಗ ಮುದುಡಿದಂಗ.’
ಡಿಕ್ಕಿ ತೆಗೆದ: ಹಳೆಯ ಉತ್ತರಪತ್ರಿಕೆಗಳ ಎರಡು ಗಂಟು,
ಇಪ್ಪತ್ತೈದು ಕಿಲೋ ಸೋನಾಮಸೂರಿ,
ದೀಪಾವಳಿಗೆ ಕೊಂಡದ್ದು, ಇಳಿಸಲು ಮರೆತದ್ದು.
ದೇವೀರಮ್ಮನ ಮುಖ ನೋಡಬೇಕಿತ್ತು ಆಗ!
ಆಮೇಲೆ ಎಂಜಿನ್ನಿನ ಕಡ್ಡಿ ಎಳೆದು,
ಎರಡು ಬೆರಳ ನಡುವೆ ಎಣ್ಣೆ ಉಜ್ಜಿ:
‘ಇದೂ ಕೊಬ್ರಿ ಎಣ್ಣಿ ಇದ್ದಂಗ ತಿಳೀರಿ.
ಮುಂಜಾನೆ ಮಂದ. ಹಗೂರ ಆಗೂತನಕ ಗಾಡಿ ಹೆಚ್ಗಿ ಉಣ್ಣತೈತಿ.
ನಿಲ್ಲಿಸಿ ಕಾಸಬ್ಯಾಡ್ರಿ, ಮೆಲ್ಲಕ ಓಡಿಸಿ ಕಾಸ್ರಿ.
ನಿಂತಲ್ಲೇ ಉರಿಯೋದು ಯಾರಿಗೂ ಚಲೋ ಅಲ್ಲ.’

ನಿಲ್ಲಿಸಿ ಅಂದನಲ್ಲ,
ನಾವು ಮೂವರೂ ಶಾಕಿರಾಳ ಕಡೆ ನೋಡಲಿಲ್ಲ.
ಹಿರೇಜಂತಕಲ್ಲಿನ ಓಣಿಯಲ್ಲಿ ದಿನಾ ಏಳು ನಿಮಿಷ
ಅವಳ ಬಾಗಿಲ ಮುಂದೆ ಗಾಡಿ ಗುರುಗುಡುತ್ತ ನಿಲ್ಲುತ್ತದೆ.
ಒಳಗೆ ಮೂರು ಹೆಣ್ಣುಮಕ್ಕಳ ಆರು ಜಡೆ,
ಡಬ್ಬಿಯಲ್ಲಿ ಬೆಳ್ಳಗೆ ಹೆಪ್ಪಾದ ಎಣ್ಣೆ;
ಒಲೆಯಂಚಿಗಿಟ್ಟು ಕರಗಿಸಿ, ತಿಕ್ಕಿ, ಹೆಣೆದು
ಉಳಿದೊಂದು ರಿಬ್ಬನ್ನು ಬಾಯಲ್ಲಿ ಕಚ್ಚಿಕೊಂಡೇ
ಗಾಡಿಗೆ ಓಡಿ ಬರುತ್ತಾಳೆ, ಕೆಲವೊಮ್ಮೆ.

ರಾತ್ರಿ ಲೆಕ್ಕ ಹಾಕಿದೆ.
ಏಳು ನಿಮಿಷಕ್ಕೆ ಒಂದು ಚಹಾ ಗ್ಲಾಸಿನಷ್ಟು ಪೆಟ್ರೋಲು,
ಹೋಟೆಲಿನ ಸಣ್ಣ ಗ್ಲಾಸು.
ಬರೆದೆ. ಹೆಸರು ಬರೆಯಲಿಲ್ಲ.

ಸೋಮವಾರ ಹುಲಿಗೆಮ್ಮ ಕೀಲಿ ತಿರುವಿದಳು.
ಒಮ್ಮೆಲೇ ಓಣಿಗೆ ಅಷ್ಟೊಂದು ಮೌನ ಬಂದು
ಒಳಗಿನ ಬಾಚಣಿಗೆಯ ಸದ್ದೂ ಕೇಳಿದಂತಾಗಿ
ನಮಗೇ ನಾಚಿಕೆ.
ಆಗ ಕಂಡರು, ಪೊರಕೆ ಗೋಡೆಗೆ ಒರಗಿಸಿ
ದಿನಾ ನಮ್ಮ ಬಾನೆಟ್ಟಿಗೆ ಅಂಗೈ ಒತ್ತಿ ನಿಲ್ಲುವ
ನಗರಸಭೆಯ ಇಬ್ಬರು. ಒಬ್ಬಾಕೆ ಯಂಕಮ್ಮ.
ಇನ್ನೊಬ್ಬಾಕೆಯ ಹೆಸರು ಈವರೆಗೆ ಕೇಳಿರಲಿಲ್ಲ ನಾವು.
ವಹಿಯ ಯಾವ ಸಾಲಿನಲ್ಲೂ ಅವರಿರಲಿಲ್ಲ.
ಗಾಜಿಳಿಸಿ ಅಂದೆ: ‘ಇವತ್ತಿಂದ ಬಂದ್ ಮಾಡೀವಿ, ಯಂಕಮ್ಮ...’
ಅವಳು ಕೈ ತೆಗೆಯದೆ
‘ಆರಿದ ಒಲೀನೂ ಸ್ವಲ್ಪ ಹೊತ್ತು ಬಿಸಿ ಇರತೈತಿ ಬಿಡ್ರಿ’
ಎಂದು, ಇನ್ನೊಬ್ಬಾಕೆಗೆ ಜಾಗ ಸರಿದು ಕೊಟ್ಟಳು.

ಜನವರಿಗೆ ಹದಿನೇಳೂ ಮುಕ್ಕಾಲು.
ಉಳಿದ ಒಂದೂಕಾಲು ಕಿಲೋಮೀಟರು ಎಲ್ಲಿ ಸೋರುತ್ತಿದೆಯೋ
ಮೌಲಾಸಾಬನಿಗೂ ತಿಳಿಯದು.
ಅಕ್ಕಿ ಇಳಿಸಿದ್ದೇವೆ. ಗಾಳಿ ತುಂಬಿಸಿದ್ದೇವೆ.
ಇನ್ನೊಬ್ಬಾಕೆಯ ಹೆಸರು ಸಣ್ಣ ಮಾರೆಮ್ಮ.
ಶಾಕಿರಾ ಈಗ ಐದೇ ನಿಮಿಷಕ್ಕೆ ಬರುತ್ತಾಳೆ;
ಎಣ್ಣೆಯ ಡಬ್ಬಿಯನ್ನು ರಾತ್ರಿಯೇ ಚಾದರದೊಳಗೆ,
ಮಕ್ಕಳ ನಡುವೆ
ಮಲಗಿಸಿಕೊಳ್ಳುತ್ತಾಳಂತೆ.